ಶ್ರೀರಂಗಪಟ್ಟಣ ರಾಜಧಾನಿಯ ಪಟ್ಟ ಕಳೆದುಕೊಂಡದ್ದು ಹೇಗೆ?

ಪ್ರಶ್ನೆ: ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ರೈಲಿನ ಕಿಟಕಿಯಿಂದ ಶ್ರೀರಂಗಪಟ್ಟಣದ ಕೋಟೆ ಕಾಣುತ್ತದೆ. ಸುಮಾರು ಎರಡು ಶತಮಾನ ರಾಜಧಾನಿಯಾಗಿದ್ದ ಊರು ಇವತ್ತು ಬರೀ ತಾಲ್ಲೂಕು ಕೇಂದ್ರ. ಸುತ್ತಲೂ ಹೊಳೆ, ಒಳಗೆ ಕೋಟೆ ಇದ್ದ ಇಂಥ ಭದ್ರ ಜಾಗವನ್ನು ಬಿಟ್ಟು ಹದಿನೈದು ಕಿಲೋಮೀಟರ್ ಆಚೆಯ ಮೈಸೂರಿಗೆ ರಾಜಧಾನಿಯನ್ನು ಸಾಗಿಸಿದ್ದು ಯಾಕೆ? ಯುದ್ಧದಲ್ಲಿ ಊರು ಪೂರ್ತಿ ಹಾಳಾಗಿತ್ತೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಊರು ಹಾಳಾಯಿತೆಂದು ರಾಜಧಾನಿಯನ್ನು ಸಾಗಿಸಲಿಲ್ಲ. 1799ರ ಮೇ 4ರಂದು ಕೋಟೆ ಬಿದ್ದಾಗ ಗೋಡೆಯ ಒಂದು ಮೂಲೆ ಒಡೆದಿತ್ತು, ಆ ರಾತ್ರಿಯೆಲ್ಲ ಲೂಟಿ ನಡೆಯಿತು, ನಿಜ. ಆದರೆ ಅರಮನೆ, ದೇವಸ್ಥಾನಗಳು, ಮಸೀದಿ, ಪೇಟೆ, ತೋಟ ಎಲ್ಲ ನಿಂತೇ ಇದ್ದವು. ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಅಲ್ಲೇ ಪಟ್ಟಕ್ಕೆ ಕೂರಿಸಲು ಅಡ್ಡಿಯೇನೂ ಇರಲಿಲ್ಲ. ಕೂರಿಸದೆ ಹೋದದ್ದಕ್ಕೆ ಕಾರಣ, ಆ ದ್ವೀಪವನ್ನು ಈಸ್ಟ್ ಇಂಡಿಯಾ ಕಂಪನಿ ತನಗೇ ಇಟ್ಟುಕೊಂಡದ್ದು. 1799ರ ಜೂನ್ ತಿಂಗಳ ಒಪ್ಪಂದದಲ್ಲಿ ಮೈಸೂರು ರಾಜ್ಯದ ಒಂದು ಭಾಗ ಒಡೆಯರ ಮನೆತನಕ್ಕೆ ಮರಳಿತು. ಅದೇ ಒಪ್ಪಂದದಲ್ಲಿ ಶ್ರೀರಂಗಪಟ್ಟಣದ ಕೋಟೆ ಮತ್ತು ದ್ವೀಪ ಕಂಪನಿಯ ಪಾಲಾದವು. ರಾಜರಿಗೆ ರಾಜ್ಯ ಸಿಕ್ಕಿತು, ಆ ರಾಜ್ಯದ ಅತಿ ಗಟ್ಟಿ ಕೋಟೆ ಸಿಗಲಿಲ್ಲ.

ಅದನ್ನು ಅಷ್ಟು ಹಟ ಹಿಡಿದು ಇಟ್ಟುಕೊಳ್ಳುವಂಥದ್ದು ಏನಿತ್ತು ಎಂದು ತಿಳಿಯಬೇಕಾದರೆ ಅಲ್ಲಿಯ ಹೊಳೆಯನ್ನೂ ನೆಲವನ್ನೂ ನೋಡಬೇಕು.

ಕೊಡಗಿನಲ್ಲಿ ಹುಟ್ಟಿದ ಕಾವೇರಿ ಕನ್ನಂಬಾಡಿ ದಾಟಿ ಬರುವಾಗ ಬಂಡೆಯ ಹಾಸಿಗೆಗೆ ಸಿಕ್ಕಿ ಅಲ್ಲಲ್ಲಿ ಸೀಳುತ್ತಾಳೆ. ರಂಗನತಿಟ್ಟಿನ ಸಣ್ಣ ಸಣ್ಣ ತಿಟ್ಟುಗಳೂ ಇದೇ ಪಾತ್ರದಲ್ಲಿವೆ. ಅಲ್ಲಿಂದ ತುಸು ಕೆಳಗೆ ಹೊಳೆ ಎರಡು ದೊಡ್ಡ ಕವಲಾಗಿ ಹರಿದು, ನಡುವೆ ಸುಮಾರು ಐದು ಕಿಲೋಮೀಟರ್ ಉದ್ದದ, ಒಂದೂವರೆ ಕಿಲೋಮೀಟರ್ ಅಗಲದ ನೆಲವನ್ನು ಬಿಡುತ್ತದೆ. ಪೂರ್ವದ ತುದಿಯಲ್ಲಿ ಎರಡು ಕವಲೂ ಮತ್ತೆ ಕೂಡುತ್ತವೆ. ಜನ ಸ್ನಾನಕ್ಕೆ, ಅಸ್ಥಿ ಬಿಡಲು ಬರುವ ಸಂಗಮ ಅದೇ. ಉತ್ತರದ ಕವಲಿಗೆ ಲೋಕಪಾವನಿ ಬಂದು ಸೇರುತ್ತದೆ. ಕೋಟೆ ಇರುವುದು ದ್ವೀಪದ ಪಶ್ಚಿಮದ ತುದಿಯಲ್ಲಿ, ಹೊಳೆ ಎರಡಾಗುವ ಕಡೆ. ಆದ್ದರಿಂದ ಅದರ ಉತ್ತರಕ್ಕೂ ಪಶ್ಚಿಮಕ್ಕೂ ನೀರೇ ಕಾವಲು. ದ್ವೀಪದ ನೆಲಕ್ಕೆ ತಾಗಿಕೊಂಡ ಪೂರ್ವ ಮತ್ತು ದಕ್ಷಿಣದ ಕಡೆಗಳಲ್ಲಿ ಮಾತ್ರ ಮನುಷ್ಯರು ಬೆವರು ಸುರಿಸಬೇಕಾಯಿತು. ಅಲ್ಲಿ ಬಂಡೆಯನ್ನೇ ಕಡಿದು ಆಳವಾದ ಕಂದಕ ತೋಡಿದ್ದಾರೆ, ಗೋಡೆಗಳನ್ನು ಒಂದರ ಹಿಂದೆ ಒಂದು ಎಬ್ಬಿಸಿದ್ದಾರೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಕೋಟೆ ಬಿದ್ದ ಕಥೆಯಲ್ಲಿ ಇದು ಮತ್ತೆ ಬರುತ್ತದೆ.

ಕೋಟೆಗಿಂತ ಮೊದಲು ಇಲ್ಲಿ ದೇವರಿದ್ದ. ಗಂಗರ ಕಾಲದಲ್ಲಿ, 894ರಲ್ಲಿ, ತಿರುಮಲಯ್ಯ ಎಂಬವನು ರಂಗನಾಥನ ಗುಡಿ ಕಟ್ಟಿಸಿದ ಎಂಬ ಹೇಳಿಕೆಯಿದೆ. ಕಾವೇರಿಯ ಮೂರು ದ್ವೀಪಗಳ ರಂಗನಾಥರಲ್ಲಿ ಇವನು ಆದಿರಂಗ. ಮಧ್ಯರಂಗ ಶಿವನಸಮುದ್ರದಲ್ಲಿ, ಅಂತ್ಯರಂಗ ತಮಿಳುನಾಡಿನ ಶ್ರೀರಂಗದಲ್ಲಿ. 1454ರಲ್ಲಿ ನಾಗಮಂಗಲದ ತಿಮ್ಮಣ್ಣ ಹೆಬ್ಬಾರ ವಿಜಯನಗರದ ಅರಸರ ಅಪ್ಪಣೆ ಪಡೆದು ಕೋಟೆ ಕಟ್ಟಿಸಿದ. ಮುಂದೆ ಇದು ದಕ್ಷಿಣದ ಸೀಮೆಯನ್ನು ನೋಡಿಕೊಳ್ಳುವ ವಿಜಯನಗರದ ಪ್ರತಿನಿಧಿಯ ಠಾಣೆಯಾಯಿತು. ಸುತ್ತಲಿನ ಪಾಳೆಯಗಾರರು ಕಪ್ಪ ತಂದು ಒಪ್ಪಿಸುತ್ತಿದ್ದುದು ಇಲ್ಲಿಗೇ. ಅವರಲ್ಲಿ ಮೈಸೂರಿನ ಒಡೆಯರೂ ಒಬ್ಬರು.

ತಾಳೀಕೋಟೆಯ ಯುದ್ಧದ ಬಳಿಕ ವಿಜಯನಗರದ ಕೈ ಸಡಿಲವಾಯಿತು. 1610ರಲ್ಲಿ ರಾಜ ಒಡೆಯರು ಪ್ರತಿನಿಧಿ ತಿರುಮಲನಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ತಿರುಮಲ ತಲಕಾಡಿಗೆ ಹೋದ. ಅವನ ಪತ್ನಿ ಅಲಮೇಲಮ್ಮನ ಶಾಪದ ಕಥೆ ಹುಟ್ಟಿಕೊಂಡದ್ದು ಈ ಸಂದರ್ಭದಲ್ಲೇ. ಕಪ್ಪ ಒಪ್ಪಿಸಲು ಬರುತ್ತಿದ್ದ ಊರಿನಲ್ಲೇ ಸಿಂಹಾಸನ ಹಾಕಿ ಕೂತ ರಾಜ ಒಡೆಯರು ಅದೇ ವರ್ಷ ದಸರಾ ಆರಂಭಿಸಿದರು. ಮೈಸೂರು ದಸರಾ ಎಂದು ನಾವು ಕರೆಯುವ ನಾಡಹಬ್ಬ ಹುಟ್ಟಿದ್ದು ಶ್ರೀರಂಗಪಟ್ಟಣದಲ್ಲಿ. ಒಬ್ಬ ಪಾಳೆಯಗಾರ ಅರಸನಾದ ಎಂದು ಸುತ್ತಲಿನ ಸೀಮೆಗೆಲ್ಲ ತೋರಿಸಲು ಇದಕ್ಕಿಂತ ಒಳ್ಳೆಯ ವೇದಿಕೆ ಅವರಿಗೆ ಸಿಗುತ್ತಿರಲಿಲ್ಲ. ಮೈಸೂರು ಆಗ ಬಯಲಿನ ನಡುವಿನ ಚಿಕ್ಕ ಕೋಟೆ. ಶ್ರೀರಂಗಪಟ್ಟಣಕ್ಕಾದರೆ ಹೊಳೆ ಇತ್ತು, ಹೊಳೆಯ ನೀರಿನಿಂದ ಬೆಳೆಯುವ ಗದ್ದೆಗಳಿದ್ದವು, ಬಂದ ಜನ ಕೈಮುಗಿಯುವ ದೇವರಿದ್ದ, ಬಹಳ ಕಾಲದಿಂದ ಅಧಿಕಾರದ ಊರೆಂಬ ಹೆಸರೂ ಇತ್ತು.

ಇಲ್ಲೊಂದು ಮಾತು ಹೇಳಲೇಬೇಕು. ಶ್ರೀರಂಗಪಟ್ಟಣ ಎಂದ ಕೂಡಲೇ ಹೈದರ್ ಮತ್ತು ಟಿಪ್ಪು ಕಣ್ಣ ಮುಂದೆ ಬರುತ್ತಾರೆ. ಪ್ರವಾಸಿಗಳಿಗೆ ತೋರಿಸುವುದೂ ಅವರ ಕಾಲದ ಕಟ್ಟಡಗಳನ್ನೇ. ಆದರೆ ರಾಜಧಾನಿಯಾಗಿದ್ದ 189 ವರ್ಷಗಳಲ್ಲಿ ಅವರ ಕಾಲ 38 ವರ್ಷ ಮಾತ್ರ. 1761ರಲ್ಲಿ ಹೈದರ್ ಅಧಿಕಾರ ಹಿಡಿಯುವುದಕ್ಕೆ ಮೊದಲಿನ ಒಂದೂವರೆ ಶತಮಾನ ಈ ಊರನ್ನು ಬೆಳೆಸಿದ್ದು ಒಡೆಯರು. ಕಂಠೀರವ ನರಸರಾಜ ಒಡೆಯರು ಬಿಜಾಪುರದ ರಣದುಲ್ಲಾ ಖಾನನ ಸೇನೆಯನ್ನು ಇಲ್ಲಿಂದ ಹಿಮ್ಮೆಟ್ಟಿಸಿದರು, ಇಲ್ಲೇ ನಾಣ್ಯ ಟಂಕಿಸಿದರು. ಹೊಳೆಯ ಕವಲಿನ ಮೇಲೆ ಮೇಲ್ಗಾಲುವೆ ಕಟ್ಟಿ ದ್ವೀಪದೊಳಕ್ಕೆ ನೀರು ಹರಿಸಿದ ಬಂಗಾರದೊಡ್ಡಿ ನಾಲೆಯೂ ಅವರ ಕಾಲದ್ದೇ. ಒಂದು ಹೊಳೆಯ ನೀರನ್ನು ಅದೇ ಹೊಳೆಯ ಮೇಲೆ ದಾಟಿಸಿ ಇನ್ನೊಂದು ದಡಕ್ಕೆ ಒಯ್ದ ಆ ಕೆಲಸದ ಮುಂದೆ ನಿಂತು ನೋಡುವ ಪ್ರವಾಸಿಗಳು ತೀರ ಕಡಿಮೆ. ನನ್ನ ದೃಷ್ಟಿಯಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನಷ್ಟೇ ಮುಖ್ಯವಾದ ಕಟ್ಟೋಣ ಅದು. ಚಿಕ್ಕದೇವರಾಜ ಒಡೆಯರ ಹದಿನೆಂಟು ಇಲಾಖೆಗಳ ಅಠಾರಾ ಕಚೇರಿ ನಡೆದದ್ದೂ ಈ ಕೋಟೆಯೊಳಗೇ.

ಈಗ ಯುದ್ಧಗಳಿಗೆ ಬರೋಣ. ಕನ್ನಂಬಾಡಿ ಕಟ್ಟೆ ಕಟ್ಟುವ ಮುಂಚೆ ಕಾವೇರಿಗೆ ತನ್ನದೇ ಲೆಕ್ಕವಿತ್ತು. ಜೂನ್‌ನಲ್ಲಿ ಕೊಡಗಿನಲ್ಲಿ ಮಳೆ ಹಿಡಿದರೆ ಕೆಲವೇ ದಿನಗಳಲ್ಲಿ ಇಲ್ಲಿ ಹೊಳೆ ತುಂಬುತ್ತಿತ್ತು. ಮುಂದೆ ಕಾರ್ತಿಕದವರೆಗೂ ದಾಟುವುದು ಸುಲಭವಿರಲಿಲ್ಲ. ಮಾಘ, ಫಾಲ್ಗುಣ ಕಳೆದು ಬೇಸಿಗೆ ಬಂದರೆ ಬಂಡೆಗಳ ಮೇಲೆ ಹೆಜ್ಜೆ ಇಟ್ಟುಕೊಂಡೇ ನಡೆಯಬಹುದಿತ್ತು. ಅಂದರೆ ಈ ಕೋಟೆಯ ಬಲ ವರ್ಷವಿಡೀ ಒಂದೇ ಸಮ ಇರುತ್ತಿರಲಿಲ್ಲ. ಮುತ್ತಿಗೆ ಹಾಕಲು ಬಂದವರಿಗೆ ಸಿಗುತ್ತಿದ್ದುದು ವರ್ಷದಲ್ಲಿ ನಾಲ್ಕೈದು ತಿಂಗಳು. ಆ ಅವಧಿ ತಳ್ಳಿದರೆ ಒಳಗಿದ್ದವರು ಗೆದ್ದಂತೆ. ಮರಾಠರು ಒಂದಕ್ಕಿಂತ ಹೆಚ್ಚು ಸಲ ಕೋಟೆಯ ಮುಂದೆ ಬಂದು ಬೀಡುಬಿಟ್ಟರು, ದುಡ್ಡು ವಸೂಲಿ ಮಾಡಿಕೊಂಡು ಹೋದರು, ಕೋಟೆ ಮಾತ್ರ ಅವರ ಕೈಗೆ ಸಿಗಲಿಲ್ಲ.

ಇದನ್ನು ಕಷ್ಟಪಟ್ಟು ಕಲಿತವನು ಲಾರ್ಡ್ ಕಾರ್ನ್‌ವಾಲಿಸ್. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದವನು ಮೇ ತಿಂಗಳಲ್ಲಿ ಪಟ್ಟಣದತ್ತ ನುಗ್ಗಿದ. ಮೇ 15ರಂದು ಅರಕೆರೆಯ ಹತ್ತಿರ ಟಿಪ್ಪುವಿನ ಸೇನೆಯೊಡನೆ ಕಾದಾಡಿ ಗೆದ್ದ. ಗೆದ್ದರೂ ಫಲ ಸಿಗಲಿಲ್ಲ. ಆ ವರ್ಷ ಮಳೆ ಬೇಗ ಬಂತು. ಹೊಳೆ ಏರಿತು. ದಂಡಿನಲ್ಲಿ ಅಕ್ಕಿ ಮುಗಿಯುತ್ತಾ ಬಂತು, ಸಿಡುಬು ಹರಡಿತು, ಫಿರಂಗಿ ಎಳೆಯುವ ಎತ್ತುಗಳು ದಾರಿಯುದ್ದಕ್ಕೂ ಸತ್ತು ಬಿದ್ದವು. ಕೇರಳದ ಕಡೆಯಿಂದ ಬರುತ್ತಿದ್ದ ಇನ್ನೊಂದು ಸೇನೆಯನ್ನು ಕೂಡಿಕೊಳ್ಳಲೆಂದು ಹೊಳೆಯ ದಡದಲ್ಲೇ ಮೇಲಕ್ಕೆ ಹೋದ ಕಾರ್ನ್‌ವಾಲಿಸ್ ಕೊನೆಗೆ ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿ, ಬೆಂಗಳೂರಿಗೆ ಹಿಂತಿರುಗಬೇಕಾಯಿತು. ಫಿರಂಗಿ ಒಡೆಸಿದ ಆ ಜಾಗ ಕನ್ನಂಬಾಡಿ. ನೂರಿಪ್ಪತ್ತು ವರ್ಷಗಳ ನಂತರ, 1911ರಲ್ಲಿ, ಕೃಷ್ಣರಾಜಸಾಗರದ ಕಟ್ಟೆಯ ಕೆಲಸ ಶುರುವಾದದ್ದು ಅಲ್ಲೇ.

ಮರುವರ್ಷ ಅವನು ಆ ತಪ್ಪು ಮಾಡಲಿಲ್ಲ, 1792ರ ಫೆಬ್ರವರಿಯಲ್ಲೇ ಬಂದ. ಫೆಬ್ರವರಿ 6ರ ರಾತ್ರಿ ದಾಳಿ ನಡೆಸಿ ಹೊಳೆ ದಾಟಿ ದ್ವೀಪದ ಪೂರ್ವಭಾಗವನ್ನು ಹಿಡಿದ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡು, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳಿಸಿ ರಾಜಧಾನಿಯನ್ನು ಉಳಿಸಿಕೊಂಡ.

1799ರ ಕಥೆಯಲ್ಲಿ ದಿನಗಳ ಲೆಕ್ಕವೇ ಎಲ್ಲ. ಜನರಲ್ ಹ್ಯಾರಿಸ್ ವೆಲ್ಲೂರಿನ ಕಡೆಯಿಂದ ಹೊರಟು, ಮಳವಳ್ಳಿಯಲ್ಲಿ ಟಿಪ್ಪುವಿನ ಸೇನೆಯನ್ನು ಹಿಂದೆ ಸರಿಸಿ, ಸೋಸಲೆಯ ಹತ್ತಿರ ಕಾವೇರಿ ದಾಟಿ, ಏಪ್ರಿಲ್ 5ರಂದು ಕೋಟೆಯ ಪಶ್ಚಿಮಕ್ಕೆ ಬಂದು ಇಳಿದ. ಬಂಡೆ ಕಡಿದ ಕಂದಕಗಳಿದ್ದ ಪೂರ್ವ, ದಕ್ಷಿಣದ ಕಡೆಗಳನ್ನು ಬಿಟ್ಟು, ಹೊಳೆಯೇ ಕಾಯುತ್ತಿದ್ದ ವಾಯವ್ಯ ಮೂಲೆಯನ್ನು ಆರಿಸಿಕೊಂಡ. ನೀರನ್ನು ನಂಬಿ ಕಟ್ಟಿದ ಆ ಮೂಲೆಯ ಗೋಡೆ ಉಳಿದ ಕಡೆಗಳಷ್ಟು ಬಲವಾಗಿರಲಿಲ್ಲ, ಏಪ್ರಿಲ್‌ನಲ್ಲಿ ನೀರೂ ಇರಲಿಲ್ಲ. ಆದರೂ ಹ್ಯಾರಿಸ್‌ಗೆ ನಿದ್ದೆ ಇರಲಿಲ್ಲ. ಏಪ್ರಿಲ್ ಮಧ್ಯದಲ್ಲಿ ದಂಡಿನ ಅಕ್ಕಿ ಅಳೆದು ನೋಡಿದರೆ, ಅರ್ಧ ಪಡಿಯಂತೆ ಹಂಚಿದರೂ 18 ದಿನಕ್ಕೆ ಸಾಲುವಷ್ಟು ಮಾತ್ರ ಇತ್ತು. ಅತ್ತ ಮಳೆ ಒಂದೇ ತಿಂಗಳ ದೂರದಲ್ಲಿ. ಒಳಗಿದ್ದ ಟಿಪ್ಪುವಿಗೂ ಇದು ಗೊತ್ತಿತ್ತು. ಇನ್ನು ಕೆಲವು ವಾರ ತಡೆದು ನಿಂತಿದ್ದರೆ 1791 ಮರುಕಳಿಸುತ್ತಿತ್ತು.

ಮೇ 3ರ ಹೊತ್ತಿಗೆ ಗೋಡೆಯಲ್ಲಿ ಬಿರುಕು ಬಿಟ್ಟಿತು. ಮರುದಿನ ನಡುಹಗಲು, ಊಟದ ಹೊತ್ತು, ಕಾವಲು ಸಡಿಲವಿದ್ದ ಸಮಯ. ಸುಮಾರು ಒಂದು ಗಂಟೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಸೈನಿಕರು ಕಂದಕದಿಂದೆದ್ದು, ಸುಮಾರು 250 ಮೀಟರ್ ಅಗಲದ ಕಲ್ಲುಹೊಳೆಯನ್ನು ದಾಟಿ ಬಿರುಕಿಗೆ ನುಗ್ಗಿದರು. ಅವರ ಮುಂದಾಳು ಡೇವಿಡ್ ಬೇರ್ಡ್. 1780ರ ಪೊಲ್ಲಿಲೂರು ಯುದ್ಧದಲ್ಲಿ ಸೆರೆಸಿಕ್ಕಿ ಇದೇ ಕೋಟೆಯಲ್ಲಿ ಸುಮಾರು ನಾಲ್ಕು ವರ್ಷ ಸಂಕೋಲೆಯಲ್ಲಿದ್ದವನು. ಕೆಲವೇ ನಿಮಿಷಗಳಲ್ಲಿ ಬಿರುಕಿನ ಮೇಲೆ ಬಾವುಟ ಹಾರಿತು. ಟಿಪ್ಪು ಉತ್ತರದ ಗೋಡೆಯ ಬಾಗಿಲ ಬಳಿ ಕಾದಾಡುತ್ತಾ ಬಿದ್ದ. ಅವನ ದೇಹ ಸಿಕ್ಕಿದ್ದು ರಾತ್ರಿ, ಹೆಣಗಳ ರಾಶಿಯ ನಡುವೆ.

ಈ ಕೋಟೆ ಹಿಡಿಯಲು ಏನೇನು ಬೇಕಾಯಿತು ಎಂಬುದು ಕಂಪನಿಗೆ ಚೆನ್ನಾಗಿ ಗೊತ್ತಿತ್ತು. ಇಂಥದ್ದನ್ನು ಇನ್ನೊಬ್ಬ ಅರಸನ ಕೈಗೆ, ಅವನು ಎಷ್ಟೇ ಸ್ನೇಹಿತನಾದರೂ, ಮತ್ತೆ ಕೊಡುವ ಪೈಕಿ ಅವರಲ್ಲ. ಮೈಸೂರು ಒಡೆಯರ ಮೂಲಸ್ಥಾನ, ಅದೇ ರಾಜಧಾನಿಯಾಗುವುದು ಉಚಿತ ಎಂಬ ಮಾತೂ ಬಂತು. ಮಾತು ಸುಳ್ಳಲ್ಲ. ಆದರೆ ಆಗ ಮೈಸೂರಿನಲ್ಲಿ ಪಟ್ಟಾಭಿಷೇಕಕ್ಕೆ ಒಂದು ಅರಮನೆಯೂ ಇರಲಿಲ್ಲ. ಹಳೆಯ ಮೈಸೂರು ಕೋಟೆಯನ್ನು ಟಿಪ್ಪು ಕೆಡವಿಸಿ, ಅದರ ಕಲ್ಲುಗಳನ್ನು ಹತ್ತಿರದ ದಿಣ್ಣೆಗೆ ಸಾಗಿಸಿ ನಜರಬಾದ್ ಎಂಬ ಹೊಸ ಕೋಟೆ ಕಟ್ಟಲು ಹೊರಟಿದ್ದ. 1799ರ ಜೂನ್ 30ರಂದು ಮಗುವಿಗೆ ಪಟ್ಟ ಕಟ್ಟಿದ್ದು ಚಪ್ಪರದ ಕೆಳಗೆ. ಆಮೇಲೆ ಅದೇ ಕಲ್ಲುಗಳು ನಜರಬಾದಿನಿಂದ ಮೈಸೂರಿಗೆ ವಾಪಸು ಬಂದವು. ಅರಮನೆಯುಳ್ಳ ಊರನ್ನು ಬಿಟ್ಟು, ಅರಮನೆಯಿಲ್ಲದ ಊರಿನಲ್ಲಿ ರಾಜರನ್ನು ಕೂರಿಸಿದರು ಎಂಬುದೇ ನಿಮ್ಮ ಪ್ರಶ್ನೆಗೆ ಅತಿ ಸ್ಪಷ್ಟವಾದ ಉತ್ತರ.

ಇನ್ನು ಪಟ್ಟಣ ಬಡವಾದ ಬಗೆ. ಮುಂದಿನ ವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದ. ಟಿಪ್ಪುವಿನ ಕಾಲದಲ್ಲಿ ದ್ವೀಪದ ಜನ ಕಡಿಮೆಯೆಂದರೂ ಒಂದೂವರೆ ಲಕ್ಷ ಇದ್ದಿರಬೇಕು, ಈಗ ಸುಮಾರು 32,000 ಎಂದು ಅವನು ಬರೆದ. ಒಂದು ವರ್ಷದಲ್ಲಿ ಐದರಲ್ಲಿ ನಾಲ್ಕು ಪಾಲು ಜನ ಹೋದರು! ಅಂದಾಜಿನಲ್ಲಿ ಹೆಚ್ಚುಕಡಿಮೆ ಇರಬಹುದು, ಆದರೆ ಕಾರಣ ಊಹಿಸುವುದು ಕಷ್ಟವಲ್ಲ. ಆ ಊರು ಬದುಕಿದ್ದು ದರ್ಬಾರಿನಿಂದ, ದಂಡಿನಿಂದ. ಟಿಪ್ಪುವಿನ ಕುಟುಂಬವನ್ನು ವೆಲ್ಲೂರಿಗೆ ಕಳಿಸಿದರು, ಸೇನೆ ಚದುರಿತು, ದಿವಾನ್ ಪೂರ್ಣಯ್ಯನವರ ಕಚೇರಿಯ ಸುತ್ತ ಹೊಸ ಬದುಕು ಮೈಸೂರಿನಲ್ಲಿ ಕಟ್ಟಿಕೊಂಡಿತು. ಟಿಪ್ಪು ಶಿರಾದಿಂದ ಸಾವಿರಾರು ಕುಟುಂಬಗಳನ್ನು ಒತ್ತಾಯದಿಂದ ಕರೆತಂದು ದ್ವೀಪದ ಗಂಜಾಂನಲ್ಲಿ ನೆಲೆಗೊಳಿಸಿದ್ದ. ಕೆಲಸ ಕೊಡುವ ಅರಮನೆಯೇ ಇಲ್ಲವಾದ ಮೇಲೆ ಅಲ್ಲಿಯ ಕಸುಬುದಾರರಿಗೆ ಗಿರಾಕಿಗಳು ಎಲ್ಲಿಂದ ಬರಬೇಕು?

ಉಳಿದಿದ್ದ ಕಂಪನಿಯ ದಂಡೂ ಹೆಚ್ಚು ಕಾಲ ನಿಲ್ಲಲಿಲ್ಲ. ಅದನ್ನು ಓಡಿಸಿದ್ದು ಚಳಿಜ್ವರ. ಸುತ್ತ ನಾಲೆ, ಗದ್ದೆ, ನಿಂತ ನೀರಿನ ಕಂದಕ. ಇವತ್ತು ಯಾರಿಗಾದರೂ ಸೊಳ್ಳೆಯ ನೆನಪಾಗುತ್ತದೆ. ಮಲೇರಿಯ ಹರಡುವುದು ಸೊಳ್ಳೆಯಿಂದ ಎಂದು ರೊನಾಲ್ಡ್ ರಾಸ್ ತೋರಿಸಿಕೊಟ್ಟದ್ದು 1897ರಲ್ಲಿ. ಅದಕ್ಕೆ ಸುಮಾರು ಒಂದು ಶತಮಾನ ಮೊದಲಿನ ವೈದ್ಯರು ಕೆಟ್ಟ ಗಾಳಿ ಎಂದಷ್ಟೇ ಹೇಳಿದರು. ಮೈಸೂರು ರಸ್ತೆಯ ಕಡೆ ಹೊಳೆಯ ದಡದಲ್ಲಿರುವ ಗ್ಯಾರಿಸನ್ ಸ್ಮಶಾನದಲ್ಲಿ ಸ್ವಿಟ್ಜರ್ಲೆಂಡ್ ಮೂಲದ ಡಿ ಮ್ಯೂರಾನ್ ರೆಜಿಮೆಂಟಿನವರೂ ಸೇರಿ ಅನೇಕರ ಗೋರಿಗಳಿವೆ. 1809ರ ನಂತರ ಸೇನೆಯ ನೆಲೆ ಎತ್ತರದ, ತಂಪು ಹವೆಯ ಬೆಂಗಳೂರಿಗೆ ಸರಿಯಿತು. ಬೆಂಗಳೂರು ದಂಡು ಪ್ರದೇಶ ಹುಟ್ಟಿದ್ದು ಹೀಗೆ. ದಂಡನ್ನು ಹಿಂಬಾಲಿಸಿ ವ್ಯಾಪಾರವೂ ಆ ಕಡೆ ಹೋಯಿತು. ಖಾಲಿಯಾದ ಅರಮನೆಯ ಗತಿ ಇನ್ನೂ ಕಷ್ಟದ್ದು. ಟಿಪ್ಪುವಿನ ಲಾಲ್ ಮಹಲನ್ನು ಕಳಚಿದರು. ಅದರ ತೊಲೆಗಳು ಘಟ್ಟ ಹತ್ತಿ ಊಟಿಗೆ ಹೋಗಿ, 1830ರ ಸುಮಾರಿನಲ್ಲಿ ಕಟ್ಟಿದ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಸೇರಿದವು. 1901ರ ಜನಗಣತಿಯ ಹೊತ್ತಿಗೆ ಪಟ್ಟಣದಲ್ಲಿ ಉಳಿದವರು 9,000ಕ್ಕೂ ಕಡಿಮೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ದಂಡು ಹೋದ ಮೇಲೂ ದ್ವೀಪದ ಒಡೆತನ ಬ್ರಿಟಿಷರದ್ದೇ ಆಗಿತ್ತು. ಮೈಸೂರು ಸಂಸ್ಥಾನ ವರ್ಷಕ್ಕೆ 50,000 ರೂಪಾಯಿ ಗುತ್ತಿಗೆ ಕಟ್ಟಿ ತನ್ನ ಹಳೆಯ ರಾಜಧಾನಿಯನ್ನು ಅನುಭವಿಸುತ್ತಿತ್ತು. 1881ರಲ್ಲಿ ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿ ಒಪ್ಪಿಸಿದಾಗ ದ್ವೀಪವನ್ನು ಸಂಸ್ಥಾನಕ್ಕೆ ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ಬೆಂಗಳೂರಿನ ದಂಡು ಪ್ರದೇಶವನ್ನು ತಮ್ಮ ನೇರ ಆಡಳಿತಕ್ಕೆ ತೆಗೆದುಕೊಂಡರು. ಪಟ್ಟಣದ ಬೆಲೆ ಎಲ್ಲಿಗೆ ಇಳಿದಿತ್ತು, ಬೆಂಗಳೂರಿನದು ಎಲ್ಲಿಗೆ ಏರಿತ್ತು ಎಂಬುದನ್ನು ಈ ಅದಲುಬದಲೇ ಹೇಳುತ್ತದೆ. 1939ರಲ್ಲಿ ಮಂಡ್ಯ ಜಿಲ್ಲೆಯಾದಾಗಲೂ ಜಿಲ್ಲಾ ಕೇಂದ್ರದ ಸ್ಥಾನ ಪಟ್ಟಣಕ್ಕೆ ಸಿಗಲಿಲ್ಲ.

ನೀವು ರೈಲಿನಿಂದ ನೋಡಿದ್ದೀರಿ, ಆದ್ದರಿಂದ ಇದನ್ನೂ ಹೇಳುತ್ತೇನೆ. ಆ ರೈಲುಹಾದಿ ಕೋಟೆಯನ್ನೇ ಸೀಳಿಕೊಂಡು ಹೋಗಿದೆ. ಜೋಡಿ ಹಳಿ ಹಾಕುವಾಗ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನಮನೆಯನ್ನು 2017ರಲ್ಲಿ ಒಡೆಯದೆ, ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಿದರು. ಹಳೆಯ ಕಟ್ಟಡಕ್ಕೆ ಅಷ್ಟು ಮರ್ಯಾದೆ ಕೊಟ್ಟದ್ದು ಸಂತೋಷದ ವಿಷಯ. ಆದರೆ ಅದೇ ಕಾಳಜಿ ಕೋಟೆಯ ಗೋಡೆಗಳಿಗೆ ಸಿಕ್ಕಿಲ್ಲ. ಕಲ್ಲುಗಳ ಸಂದಿಯಲ್ಲಿ ಅರಳಿ, ಆಲದ ಬೇರು ಇಳಿದಿವೆ. ಮುತ್ತಿಗೆಗಳನ್ನು ತಡೆದ ಗೋಡೆಯನ್ನು ಬೇರು ಬಿಚ್ಚಿಹಾಕುವುದಕ್ಕೆ ಬಿಡಬಾರದು. ಗಿಡ ಚಿಕ್ಕದಿರುವಾಗಲೇ ಕಿತ್ತು, ಸಂದಿಗೆ ಗಾರೆ ತುಂಬುವ ಕೆಲಸ ಪ್ರತಿ ವರ್ಷ ಆಗಬೇಕು.

ಮುಂದಿನ ಸಲ ರೈಲಿನಿಂದ ಇಳಿಯಿರಿ. ರಂಗನಾಥನ ದರ್ಶನ, ದರಿಯಾ ದೌಲತ್, ಗುಂಬಜ್ ಎಲ್ಲ ನೋಡಿ. ಅದರ ಜೊತೆಗೆ ಕೋಟೆಯ ವಾಯವ್ಯ ಮೂಲೆಗೂ ಹೋಗಿ. ಅಲ್ಲೊಂದು ಸ್ಮಾರಕ ಕಂಬವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಹೋದರೆ 1799ರಲ್ಲಿ ದಂಡು ದಾಟಿ ಬಂದ ಬಂಡೆಗಳು ಕಾಣುತ್ತವೆ. ಕೃಷ್ಣರಾಜಸಾಗರ ತುಂಬಿ ನೀರು ಬಿಟ್ಟಾಗ, ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಕಡೆ ಹೋದರೆ, ಹಳೆಯ ಕಾಲದಲ್ಲಿ ಈ ಊರನ್ನು ಕಾಯುತ್ತಿದ್ದ ಹೊಳೆ ಎಂಥದ್ದೆಂದು ತಿಳಿಯುತ್ತದೆ. ಆ ದಿನಗಳಲ್ಲಿ ದಡದಲ್ಲೇ ನಿಂತು ನೋಡಿ, ಸಂಗಮದಲ್ಲಾಗಲಿ ಪಶ್ಚಿಮವಾಹಿನಿಯಲ್ಲಾಗಲಿ ನೀರಿಗೆ ಇಳಿಯಬೇಡಿ.